ದಡ್ಡರಂಗ ಕುಂದರ್ರಿ

ಖಾನಾಪುರದ ಕಡೆಯ ಒಂದು ಕನ್ನಡ ಸಾಲೆಯಲ್ಲಿ, ಮನೆಯಲ್ಲಿ ಬರೀ ಮರಾಠಿ ಮಾತಾಡುವ ಅನುಜಾ ಮೊದಲ ಸಲ ಕನ್ನಡ ಅಕ್ಷರ ಕೂಡಿಸಿ ಒಂದು ಸಾಲು ಓದಿದಳು. "ನಾಳೆ ಪೂರ್ತಿ ಪಾಠ ಓದೂಣು" ಎಂದು ನೇಮಿನಾಥ ಮಾಸ್ತರು ಮಾತು ಕೊಟ್ಟರು. ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ಮೊಬೈಲು ಗುಂಯ್ ಎಂದಿತು. ನಾಳೆ ಬೆಳಗಾವಿಯಲ್ಲಿ ತರಬೇತಿ, ತಪ್ಪದೆ ಬರಬೇಕು. ಆ ಸಾಲೆಗೆ ಅವರೊಬ್ಬರೇ ಮಾಸ್ತರು.

ಮರುದಿನ ಬೆಳಗಾವಿ ಹತ್ತಿರದ ಪೀರನವಾಡಿ ದಾಟುವ ತನಕ ಬಸ್ಸಿನಲ್ಲಿ ನಿಂತೇ ಬಂದರು. ಇಳಿಯುವಾಗ ಮುಖ ಹಿಂಡಿ ಒಗೆದ ನೆಲ ಒರೆಸುವ ಬಟ್ಟೆಯಂತಾಗಿತ್ತು.

ತರಬೇತಿಯ ಕೋಣೆಯಲ್ಲಿ ಬಾಜುವಿಗೆ ಕೂತ ಸತ್ಯಪ್ಪ ಮಾಸ್ತರು ಕಿವಿಯಲ್ಲಿ ಹೇಳಿದರು: "ಶಾಣ್ಯಾತನ ತೋರಸಬ್ಯಾಡ್ರಿ. ಹೋದ ವರ್ಷ ಗುರುಪುತ್ರಪ್ಪ ಒಂದ ಪ್ರಶ್ನಿಗೆ ಛಲೋ ಉತ್ತರ ಕೊಟ್ಟ. ಅವನ್ನ ತರಬೇತಿ ಕೊಡಾಕ ಹಚ್ಚಿದ್ರು. ಇನ್ನೂ ತನ್ನ ಸಾಲಿ ಮಾರಿ ನೋಡಿಲ್ಲ."

"ನಾಳೆ ನಾ ಸಾಲಿಗೆ ಹೋಗಬೇಕ್ರೀ. ಹುಡುಗಿ ಕಾಯ್ತಾಳ."

"ಹಂಗಾರ ದಡ್ಡರಂಗ ಕುಂದರ್ರಿ. ದಡ್ಡರ ಗೊಡವಿಗೆ ಯಾರೂ ಬರಂಗಿಲ್ಲ."

ತರಬೇತಿ ಕೊಡುವ ಪೂರ್ಣಿಮಾ ಮೇಡಮ್ ಎಲ್ಲರನ್ನೂ ಮಕ್ಕಳಂತೆ ನೆಲಕ್ಕೆ ಕೂರಿಸಿದರು. "ಮನಿ ಮಾತು ಬ್ಯಾರೆ ಇರೋ ಮಗುವಿಗೆ ಓದು ಹೆಂಗ ಕಲಸ್ತೀರಿ? ನೇಮಿನಾಥ ಸರ್, ಹೇಳ್ರಿ."

ವರ್ಷಗಟ್ಟಲೆ ಮಾಡಿದ ಕೆಲಸ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದರು.

"ತಿಳೀಲಿಲ್ರಿ."

ಮೇಡಮ್ ಚಿತ್ರ ತೋರಿಸಿ ಮತ್ತೆ ವಿವರಿಸಿದರು. ಮಾಸ್ತರು ಕಿಟಕಿ ನೋಡುತ್ತ ಹುಂ ಎಂದರು.

"ಏನ್ ತಿಳೀತು?"

"ಹುಂ ಅನ್ನೂದು ರೂಢೀರಿ."

ಊಟದ ಮೇಲೆ ನಟಿಸುವ ಕಷ್ಟವೂ ಉಳಿಯಲಿಲ್ಲ. ಗೋಡೆಗೆ ಆನಿಕೊಂಡು, ಬಾಯಿ ತೆರೆದು, ಖರೇನೇ ನಿದ್ದೆ ಹೋದರು.

ಸಂಜೆ ಹಿರಿಯ ಅಧಿಕಾರಿ ಚನ್ನಬಸಯ್ಯನವರು ಬಂದಾಗ ಮೇಡಮ್ ಇವರತ್ತಲೇ ಬೆರಳು ತೋರಿಸಿದರು.

"ಬೈದು ಕಳಸ್ತಾರ, ಆತು" ಎಂದರು ಸತ್ಯಪ್ಪ.

ಅಧಿಕಾರಿ ಹೆಗಲ ಮೇಲೆ ಕೈಯಿಟ್ಟರು. "ತರಬೇತ್ಯಾಗ ಎಲ್ಲಾರೂ ಶಾಣ್ಯಾ ಮಕ್ಕಳೇ ಆಗ್ತಾರ್ರಿ. ಹಿಂದ ಕುಂದರೋ ಮಗು ಹೆಂಗಿರ್ತದ ಅಂತ ತೋರಸವ್ರು ನೀವೊಬ್ರ ಸಿಕ್ಕಿರಿ. ನಾಳಿಂದ ಎಲ್ಲಾ ತಾಲೂಕಿನ ತರಬೇತಿಗೂ ಬರ್ರಿ. ಕಲಸೂದೇನಿಲ್ಲ, ಹಿಂಗ ಕುಂದರೂದು."

ಮಾಸ್ತರು ಎದ್ದು ನಿಂತರು. "ಸರ್, ನನಗ ಎಲ್ಲಾ ತಿಳದೈತ್ರಿ" ಎಂದವರೇ ಒಂದೇ ಉಸಿರಿಗೆ ಹೇಳಿದರು: ಮೊದಲು ಚಿತ್ರ, ಮಗುವಿನ ಬಾಯಲ್ಲಿ ಮರಾಠಿ ಹೆಸರು, ಆಮೇಲೆ ಕನ್ನಡದ್ದು, ಕೊನೆಗೆ ಅಕ್ಷರ.

ಮೇಡಮ್ ಕಣ್ಣು ಒರೆಸಿಕೊಂಡರು. "ನೋಡ್ರಿ ಸರ್, ಇಷ್ಟ ತಿಳದೂ ಇಡೀ ದಿನ ತಿಳೀದವರಂಗ ಕುಂತ್ರು. ಎಂಥಾ ಕಲಾವಿದ್ರು." ಅಧಿಕಾರಿ ಪಟ್ಟಿಯಲ್ಲಿ ಮಾಸ್ತರ ಹೆಸರು ಬರೆದುಕೊಂಡರು.

ವಾಪಸು ಬಸ್ಸಿನಲ್ಲೂ ಸೀಟು ಸಿಗಲಿಲ್ಲ. ಅನುಜಾಳ ಅವ್ವನ ನಂಬರಿನಿಂದ ಫೋನು ಬಂತು. ಮಾತಾಡಿದವಳು ಅನುಜಾ.

"ಸರ್, ನಾಳೆ ಬರ್ತೀರಲ್ರಿ? ಪಾಠ ತೆಗೆದ ಇಟ್ಟೀನಿ."

ಕಂಬಿ ಹಿಡಿದು ನಿಂತ ಮಾಸ್ತರು ಹೊರಗೆ ನೋಡುತ್ತ, ರೂಢಿಯಂತೆ, ಹುಂ ಎಂದರು.