ನೀಲಿ ಹರಳಿನ ಸಾಕ್ಷಿ

ಮೇಷ್ಟ್ರು: ಒದ್ದೆ ಆಗಿದೆ ಅಂದ್ರೆ ಆಗಿದೆ ಕಣೆ! ಕಿವಿ ಮಿಷನ್ನು ಎರಡೂ ಡಬ್ಬೀಲಿ ಒಣಗ್ತಾ ಇವೆ. ನಾಳೆವರೆಗೂ ನನಗೇನೂ ಕೇಳಿಸಲ್ಲ.

ಮೇಷ್ಟ್ರಮ್ಮ: ಮತ್ತೆ ನನ್ನ ಮಾತಿಗೆಲ್ಲ ಉತ್ತರ ಕೊಡ್ತಾ ಇದ್ದೀರಲ್ಲ?

ಮೇಷ್ಟ್ರು: ನಿನ್ನ ದನಿಗೆ ಮಿಷನ್ ಯಾಕೆ? ಗೋಡೆಗೂ ಕೇಳಿಸುತ್ತೆ.

ರಸಾಯನಶಾಸ್ತ್ರದ ಮೇಷ್ಟ್ರಿಗೆ ನಿವೃತ್ತಿಯಾಗಿತ್ತು, ಅವರ ನಾಲಿಗೆಗೆ ಆಗಿರಲಿಲ್ಲ. ಮೇಷ್ಟ್ರಮ್ಮ ಈ ವಯಸ್ಸಿನಲ್ಲಿ ಪಿಟೀಲು ಕಲಿತು ನಾಳೆ ಮೊದಲ ಸಲ ವೇದಿಕೆ ಹತ್ತುವವರಿದ್ದರು. ಅದಕ್ಕೂ ಮುಂಚೆ ಗಂಡ ಒಂದು ಸಲ ಕೇಳಲಿ ಅನ್ನುವುದೊಂದೇ ಅವರ ಆಸೆ. ಈ ಮಹಾಶಯರೋ ಕೈಗೇ ಸಿಗುತ್ತಿರಲಿಲ್ಲ. ಅಸಲಿಗೆ ಡಬ್ಬಿಯಲ್ಲಿದ್ದದ್ದು ಒಂದೇ ಮಿಷನ್ನು. ಇನ್ನೊಂದು ಮಫ್ಲರಿನ ಅಡಿಯಲ್ಲಿ, ಅವರ ಬಲಗಿವಿಯಲ್ಲೇ ಹಾಯಾಗಿ ಕೂತಿತ್ತು.

ಮೇಷ್ಟ್ರಮ್ಮ: ಎಲ್ಲಿ, ಡಬ್ಬಿ ತೋರಿಸಿ. ಒಳಗಿರೋ ತೇವ ಹೀರೋ ಹರಳು ಒಣಗಿದ್ರೆ ನೀಲಿ, ತೇವ ಹೀರಿದ್ರೆ ಗುಲಾಬಿ ಅಂತ ತಂದ ದಿನ ನೀವೇ ಪಾಠ ಮಾಡಿದ್ರಿ.

ಮೇಷ್ಟ್ರು: ನೋಡ್ಕೋ! ಗುಲಾಬಿ!

ಮೇಷ್ಟ್ರಮ್ಮ: ಮೇಲೆ ಮಾತ್ರ. ಕೆಳಗೆಲ್ಲ ನೀಲಿ. ಪಕ್ಕದಲ್ಲೇ ನೀರು ಚಿಮುಕಿಸಿದ ಒದ್ದೆ ಚಮಚ ಬೇರೆ!

ಮೇಷ್ಟ್ರು: ಏನಂದೆ? ಕೇಳಿಸಲಿಲ್ಲ.

ಮೇಷ್ಟ್ರಮ್ಮ ಕಿಟಕಿಯ ಕಡೆ ತಿರುಗಿ, ಗಂಡನಿಗೆ ಬೆನ್ನು ಹಾಕಿ, ಪಿಟೀಲಿನ ತಂತಿ ಬಿಗಿಮಾಡುತ್ತಾ ತಮ್ಮಷ್ಟಕ್ಕೆ ಪಿಸುಗುಡತೊಡಗಿದರು.

ಮೇಷ್ಟ್ರಮ್ಮ: ಪಾಪ, ಈ ಹರಳು. ಅದರಲ್ಲಿರೋದು ನಿಕ್ಕೆಲ್ಲು ಲೋಹ...

ಮೇಷ್ಟ್ರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಮೇಷ್ಟ್ರಮ್ಮ: ಎಲೆ ಹಸಿರಿರೋದು ಕಬ್ಬಿಣದಿಂದ...

ಮೇಷ್ಟ್ರ ಕತ್ತಿನ ನರ ಉಬ್ಬಿತು.

ಮೇಷ್ಟ್ರಮ್ಮ: ರಕ್ತ ಕೆಂಪಗಿರೋದು ಮೆಗ್ನೀಸಿಯಂನಿಂದ...

ಮೇಷ್ಟ್ರು: ಅಯ್ಯೋ, ತಿರುಗಾಮುರುಗಾ ಕಣೆ! ರಕ್ತದಲ್ಲಿ ಕಬ್ಬಿಣ, ಎಲೇಲಿ ಮೆಗ್ನೀಸಿಯಂ! ಹರಳಲ್ಲಿರೋದು ಕೋಬಾಲ್ಟು! ಮೊನ್ನೆ ಡಾಕ್ಟರು ನಿನಗೆ ಚುಚ್ಚಿದ ಬಿ-ಹನ್ನೆರಡು ಇಂಜೆಕ್ಷನ್ನಲ್ಲೂ ಅದೇ ಕೋಬಾಲ್ಟು! ಎಲ್ಲದರಲ್ಲೂ ನಡುವೆ ಲೋಹ, ಅದರ ಸುತ್ತ ಕೈಹಿಡ್ಕೊಂಡು ಬೇರೆ ಕಣಗಳು. ಎಷ್ಟು ವರ್ಷ ಬಡ್ಕೊಂಡೆ!

ಮೇಷ್ಟ್ರಮ್ಮ ನಿಧಾನವಾಗಿ ಈ ಕಡೆ ತಿರುಗಿದರು.

ಮೇಷ್ಟ್ರಮ್ಮ: ಪಿಸುಮಾತು ಚೆನ್ನಾಗೇ ಕೇಳಿಸ್ತಲ್ಲ?

ಕೂಗಾಟದಲ್ಲಿ ಮಫ್ಲರ್ ಹೆಗಲಿಗೆ ಜಾರಿ, ಬಲಗಿವಿ ಬಟಾಬಯಲಾಗಿತ್ತು.

ಮೇಷ್ಟ್ರು: ನಿಜ ಹೇಳ್ಲಾ? ತಪ್ಪು ಕಿವಿಗೆ ಬಿದ್ರೆ ನನ್ನ ಬಾಯಿ ಸುಮ್ನಿರಲ್ಲ, ಈಗ ತಾನೆ ನೋಡಿದೆಯಲ್ಲ. ನೀನು ನುಡಿಸೋವಾಗ ನಾನೇನಾದ್ರೂ ಅಂದುಬಿಟ್ರೆ, ನಾಳೆ ವೇದಿಕೆ ಹತ್ತೋದೇ ಇಲ್ಲ ಅಂತ ಕೂತ್ಬಿಡ್ತೀಯಾ ಅಂತ ಹೆದರಿಕೆ ಕಣೆ.

ಮೇಷ್ಟ್ರಮ್ಮ: ಅನ್ನಿ, ನೋಡೇಬಿಡೋಣ.

ಕಮಾನು ತಂತಿಯ ಮೇಲೆ ಇಳಿಯಿತು. ಒಂದು ಕಡೆ ಸ್ವರ ತಪ್ಪಿದಾಗ ಮೇಷ್ಟ್ರು ತುಟಿ ಕಚ್ಚಿಕೊಂಡರು, ಇನ್ನೊಂದು ಕಡೆ ತಪ್ಪಿದಾಗ ಮಫ್ಲರಿನ ತುದಿಯನ್ನೇ ಬಾಯಿಗೆ ತುರುಕಿಕೊಂಡರು. ಆದರೆ ಮುಗಿಯುವ ಹೊತ್ತಿಗೆ ಅವರಿಗೆ ನಿಜಕ್ಕೂ ಹೆಮ್ಮೆಯಾಗಿ, ಕಣ್ಣು ತುಂಬಿ ಬಂದಿತ್ತು.

ಮೇಷ್ಟ್ರಮ್ಮ ಮೆಲ್ಲಗೆ ಕೇಳಿದರು.

ಮೇಷ್ಟ್ರಮ್ಮ: ನಡುವೆ ಎರಡು ಕಡೆ ಎಡವಿದೆ, ಅಲ್ವಾ?

ಮೇಷ್ಟ್ರು ಕಿವಿಗೆ ಕೈ ಅಡ್ಡ ಹಿಡಿದರು.

ಮೇಷ್ಟ್ರು: ಏನಂದೆ? ಮಿಷನ್ನು ಒದ್ದೆ ಆಗಿದೆ ಅಂತ ಆವಾಗ್ಲೇ ಹೇಳ್ಲಿಲ್ವಾ?