ನಾನು ಮನೆಗೆ ತಗಡಿನ ಸೂರು ಹೊಲಿದದ್ದು

ಸರಗೂರಿನಲ್ಲಿ ಆಗ ನನ್ನನ್ನು ಬಿಟ್ಟು ಇನ್ನೂ ಇಬ್ಬರು ದರ್ಜಿಗಳಿದ್ದರು. ಆದರೆ ಮದುವೆ ಗಂಡಿನ ಕೋಟು ಎಂದರೆ ಜನ ನನ್ನ ಜಗಲಿಗೇ ಬರುತ್ತಿದ್ದರು. ಬೆಲ್‌ಬಾಟಂ ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಕಬಿನಿಗೆ ಅಣೆಕಟ್ಟೆ ಕಟ್ಟುತ್ತಾರಂತೆ ಎಂಬ ಮಾತು ಬಸ್ಸುಗಳಲ್ಲಿ ಓಡಾಡುತ್ತಿತ್ತು. ಅಂಥ ಕಾಲದಲ್ಲಿ ಒಂದು ಮಧ್ಯಾಹ್ನ, ಕಾಜ ಹೊಲಿಯುತ್ತಾ ಕೂತಿದ್ದ ನನಗೆ ಒಂದು ಆಲೋಚನೆ ಬಂತು. ಕೋಟು ಹೊಲಿಯಬಲ್ಲವನಿಗೆ ಮನೆಯ ಸೂರು ಒಂದು ದೊಡ್ಡ ಕೆಲಸವೇ? ತಗಡು ಎಂದರೆ ಏನು? ಸ್ವಲ್ಪ ದಪ್ಪನೆಯ ಬಟ್ಟೆ. ಅಷ್ಟೇ ತಾನೆ!

ನಮ್ಮ ಮನೆಗೆ ಇದ್ದದ್ದು ನಾಡಹೆಂಚು. ಕಾಡಿನ ಕಡೆಯಿಂದ ಬರುವ ಕೋತಿಗಳು ಅದರ ಮೇಲೆ ಓಡಾಡಿ, ವರ್ಷಕ್ಕೆ ಒಂದಿಷ್ಟು ಹೆಂಚನ್ನು ಪುಡಿ ಮಾಡುತ್ತಿದ್ದವು. ಮಳೆಗಾಲ ಬಂತೆಂದರೆ ನನ್ನ ಹೆಂಡತಿ ರತ್ನ ಸೋರುವ ಕಡೆಯೆಲ್ಲ ಪಾತ್ರೆ ಇಡುತ್ತಿದ್ದಳು. ಪಾತ್ರೆಗಳು ಮುಗಿದ ಮೇಲೆ ನಮಗೆ ಮಲಗಲು ಜಾಗ ಹುಡುಕುತ್ತಿದ್ದಳು. ಇದನ್ನು ಹೇಗೋ ಸಹಿಸಿಕೊಂಡಿದ್ದೆ. ಸಹಿಸಲು ಆಗದೇ ಇದ್ದದ್ದು ಅವಳ ಅಣ್ಣ, ಅಂದರೆ ಮಿರ್ಲೆಯ ನಮ್ಮ ಭಾವನ ನಡವಳಿಕೆ. ಅವರದು ಮಂಗಳೂರು ಹೆಂಚಿನ ಮನೆ. ನಮ್ಮಲ್ಲಿಗೆ ಬಂದಾಗಲೆಲ್ಲ ಊಟಕ್ಕೆ ಕೂತು ಒಮ್ಮೆ ತಲೆ ಎತ್ತಿ ಮೇಲೆ ನೋಡುತ್ತಿದ್ದರು. ಎಲೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಆ ಒಂದು ಗೇಣು ನನ್ನನ್ನು ವರ್ಷಗಟ್ಟಲೆ ಚುಚ್ಚಿತ್ತು.

ಮುಂದಿನ ಭಾನುವಾರ ಬರುತ್ತೇನೆಂದು ಭಾವ ಕಾಗದ ಬರೆದರು. ಅದೇ ವಾರ, ನಾನು ಮೈಸೂರಿನಿಂದ ತರಿಸಿದ ಸತುವಿನ ತಗಡುಗಳು ಬಸ್ಸಿನ ಮೇಲೆ ಏರಿಕೊಂಡು ಬಂದವು. ತಗಡಿನ ಜೊತೆ ಬರಬೇಕಿದ್ದ ಕೊಕ್ಕೆ ಬೋಲ್ಟುಗಳು ಮಾತ್ರ ಬರಲಿಲ್ಲ. ಇನ್ನೊಂದು ವಾರಕ್ಕೆ ಕಳಿಸುತ್ತಾರೆಂದು ಕಂಡಕ್ಟರ್ ಹೇಳಿದ. ನಮ್ಮ ಬೀದಿಯ ಮರಗೆಲಸದ ಸಿದ್ದಾಚಾರಿ ಬಂದು ತಗಡನ್ನು ಬೆರಳಿನಿಂದ ಬಡಿದು ನೋಡಿ, ಬೋಲ್ಟು ಬರುವ ತನಕ ಹೆಂಚು ಇಳಿಸಬೇಡಿ ಎಂದರು. ನಾನು ನಕ್ಕೆ. ಬೋಲ್ಟು ಬರುವುದರೊಳಗೆ ಭಾವ ಬಂದು, ಎಲೆ ಸರಿಸಿಕೊಂಡು, ಊರಿಗೆ ಹೋಗಿಬಿಡುತ್ತಾರಲ್ಲ!

"ಟೈಲ್ರೇ, ಗಾಳಿ ಮೇಲಿಂದ ಒತ್ತಲ್ಲ ಕಣ್ರೀ," ಎಂದರು ಆಚಾರಿ. "ಕೆಳಗಿಂದ ನುಗ್ಗಿ ಎತ್ತುತ್ತೆ. ವಸಿ ತಡೀರಿ."

ನಾನು ತಡೆಯಲಿಲ್ಲ. ಪಂಚಾಂಗ ತೆಗೆದು ನೋಡಿದೆ. ಭರಣಿ ಮಳೆ ಹುಟ್ಟಲು ಇನ್ನೂ ಐದು ದಿನವಿತ್ತು. ಹುಟ್ಟದ ಮಳೆಗೆ ಹೆದರುವುದು ಗಂಡಸಿನ ಲಕ್ಷಣವಲ್ಲ ಎಂದುಕೊಂಡು, ಜಗಲಿ ಮತ್ತು ನಡುಮನೆಯ ಹೆಂಚನ್ನು ಇಳಿಸಿ ಹಿತ್ತಲಿನಲ್ಲಿ ಪೇರಿಸಿದೆ. ಅಡುಗೆಮನೆಯದನ್ನು ಹಾಗೇ ಬಿಟ್ಟೆ. ಆಮೇಲೆ ಶುರುವಾಯಿತು ನನ್ನ ಹೊಲಿಗೆ. ತಗಡಿನ ಅಂಚಿಗೆ ಮೊಳೆ ಬಡಿದು ಕಾಜದಂತೆ ತೂತು ಮಾಡಿದೆ. ಆ ತೂತಿನಲ್ಲಿ ಕಟ್ಟುತಂತಿ ತೂರಿಸಿ ಕೆಳಗಿನ ಮರದ ಪಟ್ಟಿಗೆ, ಅಂದರೆ ರೀಪರಿಗೆ, ಬಿಗಿದೆ. ಬಟ್ಟೆಯಾಗಿದ್ದರೆ ಅದನ್ನು ಕಚ್ಚಾ ಹೊಲಿಗೆ ಎನ್ನುತ್ತೇವೆ. ಅಳತೆ ನೋಡಿ ಬಿಚ್ಚಿಹಾಕುವ ಹೊಲಿಗೆ. ಆದರೆ ಏಣಿಯ ಮೇಲೆ ನಿಂತಿದ್ದ ನನಗೆ ಅದು ಹೊಳೆಯಲಿಲ್ಲ. ಎರಡೇ ದಿನದಲ್ಲಿ ಮನೆ ಬಿಸಿಲಿಗೆ ಕನ್ನಡಿಯಂತೆ ಹೊಳೆಯಿತು. ಬೀದಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿಕೊಂಡು ಹೋದರು. ಬೆರಗಿನಿಂದ ಎಂದುಕೊಂಡೆ.

ಅಂದು ಸಂಜೆ ಸಣ್ಣಗೆ ಗಾಳಿ ಬಂತು. ಸೂರು ಪೂರ್ತಿ ಕಟಕಟ ಎಂದು ಹಲ್ಲು ಕಡಿಯಿತು. ನಮ್ಮವ್ವ ತಲೆ ಮೇಲೆ ಸೆರಗು ಎಳೆದುಕೊಂಡು, ಇದರ ಕೆಳಗೆ ಹೇಗೆ ನಿದ್ದೆ ಮಾಡುವುದು ಎಂದು ಕೇಳಿದಳು. ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು. ಹೊಳೆಯ ಕಡೆಯಿಂದ ಒಂದು ಗಾಡಿ ಚಪ್ಪಡಿ ಕಲ್ಲು ತರಿಸಿ, ತಗಡಿನ ಮೇಲೆ ಸಾಲಾಗಿ ಜೋಡಿಸಿದೆ. ನಡುಮನೆಯ ನೆತ್ತಿಗೆ ಕಲ್ಲು ಸಾಲದೆ ಬಂತು. ಹಿತ್ತಲಲ್ಲಿ ಬಿದ್ದಿದ್ದ ಒಡೆದ ಬೀಸುಕಲ್ಲಿನ ಅರ್ಧವನ್ನು ಹೊತ್ತು ಏಣಿ ಹತ್ತಿದೆ. ರತ್ನ ಕೆಳಗೆ ಏಣಿ ಹಿಡಿದುಕೊಂಡಿದ್ದಳು.

"ಅದ್ರ ಕೆಳಗೆ ನಾವು ಮಲಗೋದು ಕಣ್ರೀ," ಎಂದಳು.

ಕಲ್ಲು ಮೇಲಿದ್ದರೆ ಗಾಳಿ ಸೂರಿನ ತಂಟೆಗೆ ಬರುವುದಿಲ್ಲ ಎಂದು ಗಂಭೀರವಾಗಿ ತಿಳಿಸಿ, ಬೀಸುಕಲ್ಲನ್ನು ಸರಿಯಾಗಿ ನಡುವೆ ಇಟ್ಟು, ಅಲುಗಾಡಿಸಿ ನೋಡಿ, ಅಂಗೈ ಒರೆಸಿಕೊಂಡು ಇಳಿದೆ. ಆ ಕಲ್ಲನ್ನು ಅಲ್ಲಿ ಇಟ್ಟದ್ದು ಈ ಎರಡು ಕೈಗಳೇ. ಬೇರೆ ಯಾರೂ ಅಲ್ಲ.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಭಾವ ಬಂದರು. ಕೋಳಿ ಸಾರು, ಮುದ್ದೆ. ಎಲೆಯ ಮುಂದೆ ಕೂತು ಅಭ್ಯಾಸದಂತೆ ಮೇಲೆ ನೋಡಿದರು. ನಾನು ಅವರ ಎಲೆಯನ್ನೇ ನೋಡುತ್ತಿದ್ದೆ. ಎಲೆ ಸರಿಸಿಕೊಳ್ಳಲಿಲ್ಲ. ನನ್ನ ಬದುಕು ಸಾರ್ಥಕವಾಯಿತು. ಒಳಗೆ ಸೆಖೆ ಒಲೆಯಂತೆ ಇತ್ತು, ಭಾವನ ಅಂಗಿ ಬೆನ್ನಿಗೆ ಅಂಟಿತ್ತು. ಊಟವಾದ ಮೇಲೆ ನಾಲ್ಕು ವರ್ಷದ ನನ್ನ ಮಗಳು ಮಂಗಳ ನಡುಮನೆಯ ಚಾಪೆಯ ಮೇಲೆ ಮಲಗಿ ನಿದ್ದೆ ಹೋದಳು. ಅವ್ವ ಅವಳ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು.

ಮೂರೂವರೆಯ ಹೊತ್ತಿಗೆ ಅಂತರಸಂತೆಯ ಕಡೆಯ ಆಕಾಶ ಇಸ್ತ್ರಿ ಹೆಚ್ಚಾಗಿ ಸುಟ್ಟ ಬಟ್ಟೆಯ ಬಣ್ಣಕ್ಕೆ ತಿರುಗಿತು. ಕಾಗೆಗಳೂ ಸುಮ್ಮನಾದವು. ರತ್ನ ಒಳಗೆ ಬಂದು, ಎಲ್ಲರೂ ಪಕ್ಕದ ಚಿಕ್ಕತಾಯಮ್ಮನ ಮನೆಗೆ ಹೋಗೋಣ ಎಂದಳು. ಚಿಕ್ಕತಾಯಮ್ಮ ಒಬ್ಬಂಟಿ ಮುದುಕಿ. ಅವಳದು ಓಣಿಯಾಚೆಯ ಹುಲ್ಲಿನ ಮನೆ. ಬಗ್ಗಿಯೇ ಒಳಗೆ ಹೋಗಬೇಕು. ಹೊಸ ಸೂರಿನ ಮನೆಯವರು ಹುಲ್ಲಿನ ಮನೆಗೆ ಓಡುವುದೇ? ಅದೂ ಭಾವನ ಎದುರಿಗೆ? ನಾನು ಬಾಗಿಲಿಗೆ ಅಡ್ಡ ನಿಂತೆ. ಎರಡು ಕೈಯನ್ನೂ ಚಾಚಿ, ದನ ತಡೆಯುವವನ ಹಾಗೆ.

"ಯಾರೂ ಎಲ್ಲಿಗೂ ಹೋಗ್ಬೇಕಾಗಿಲ್ಲ," ಎಂದೆ. "ಊರಲ್ಲಿ ಇದಕ್ಕಿಂತ ಗಟ್ಟಿ ಸೂರು ಇನ್ನೊಂದು ಇಲ್ಲ."

ರತ್ನ ನನ್ನನ್ನೂ ಮೇಲಿನ ತಗಡನ್ನೂ ನೋಡಿದಳು. ಹಿತ್ತಲಲ್ಲಿ ಹಸು ಕರು ಕೂಗುತ್ತಿದ್ದವು. ಅವನ್ನು ಬಿಚ್ಚಲು ಹೋದಳು.

ಮೊದಲು ಧೂಳು ಬಂತು. ಹಿಂದೆಯೇ ಆಲಿಕಲ್ಲು. ತಗಡಿನ ಕೆಳಗೆ ಕೂತು ಆಲಿಕಲ್ಲಿನ ಸದ್ದು ಕೇಳಿದವರಿಗೆ ಮಾತ್ರ ಅದು ಗೊತ್ತು. ನೂರು ಜನ ಕಲ್ಲುಕುಟಿಗರು ಒಟ್ಟಿಗೆ ತಲೆಯೊಳಗೆ ಕೂತು ಕುಟ್ಟಿದಂತೆ! ಭಾವ ನನ್ನ ಕಿವಿಗೆ ಬಾಯಿಟ್ಟು ಏನೋ ಅಂದರು, ಕೇಳಿಸಲಿಲ್ಲ. ಅಷ್ಟರಲ್ಲಿ ಜಗಲಿಯ ಕಡೆಯ ತಗಡಿನ ಅಂಚು ಎದ್ದು ಎದ್ದು ಬೀಳತೊಡಗಿತು. ನಾನು ಅದಕ್ಕೆ ಒಂದು ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಭಾವನ ಕೈಗೆ ಕೊಟ್ಟೆ. ಮನೆಗೆ ಬಂದ ನೆಂಟರ ಕೈಗೆ ಎಲೆ ಅಡಿಕೆ ಕೊಡುತ್ತಾರೆ. ನಾನು ಸೂರು ಕೊಟ್ಟೆ. ಪಾಪ, ಅವರು ಬಿಳಿ ಪಂಚೆ ಎತ್ತಿ ಕಟ್ಟಿ, ಕಂಬಕ್ಕೆ ಕಾಲು ಕೊಟ್ಟು ಹಿಡಿದುಕೊಂಡರು.

ನಾನು ಜಗಲಿಗೂ ನಡುಮನೆಗೂ ನಡುವಿನ ಹೊಸ್ತಿಲಲ್ಲಿ ನಿಂತಿದ್ದೆ. ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಮಗು ಮಲಗಿದ ಚಾಪೆ. ಬಲಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ನನ್ನ ಹೊಲಿಗೆ ಮಿಷನ್ನು. ಆಗ ಹಿತ್ತಲಿನಿಂದ ರತ್ನ ಕೂಗಿದಳು. ಆಲಿಕಲ್ಲಿನ ಸದ್ದಿನಲ್ಲಿ ಪೂರ್ತಿ ಮಾತು ಬರಲಿಲ್ಲ. "ಮ" ಎಂಬುದು ಕೇಳಿಸಿತು, "ಎತ್ಕಳ್ರೀ" ಎಂಬುದು ಕೇಳಿಸಿತು.

ಅವಳು ಕೂಗಿದ್ದು "ಮಗೀನ ಎತ್ಕಳ್ರೀ" ಎಂದು.

ನಾನು ಮಿಷನ್ನು ಎತ್ತಿಕೊಂಡೆ.

ಕಾಲಿನಿಂದ ತುಳಿಯುವ ಕಬ್ಬಿಣದ ಸ್ಟ್ಯಾಂಡಿನ ಮಿಷನ್ನು ಅದು. ಗುಡಿಸುವಾಗ ಅದನ್ನು ಒಂದು ಮೊಳ ಸರಿಸಲೂ ಇಬ್ಬರು ಬೇಕಿತ್ತು. ಅಂದು ನಾನೊಬ್ಬನೇ ಎದೆಗವಚಿ ಎತ್ತಿದೆ. ಹಗ್ಗ ಜಗ್ಗುತ್ತಿದ್ದ ಭಾವನ ಮುಂದೆಯೇ ಹಾದು, ಮಳೆಯಲ್ಲಿ ಓಡಿ, ಬೀದಿಯಾಚೆಯ ಕೊಟ್ಟಿಗೆಯಲ್ಲಿ ಇಳಿಸಿದೆ. ಇಳಿಸಿ, ನೀರು ತಾಗದಂತೆ ಗೋಣಿಚೀಲ ಹೊದಿಸಿದೆ. ಹೌದು, ಗೋಣಿಚೀಲ ಹುಡುಕಿ ಹೊದಿಸುವಷ್ಟು ವ್ಯವಧಾನ ನನಗಿತ್ತು.

ತಿರುಗಿ ನೋಡುವಾಗ ಸೂರು ಎದ್ದಿತು. ಆಚಾರಿ ಹೇಳಿದಂತೆ ಕೆಳಗಿನಿಂದ. ನನ್ನ ಹೊಲಿಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪಟಪಟ ಬಿಚ್ಚಿಕೊಂಡಿತು. ತಗಡುಗಳು ಇಸ್ಪೀಟು ಎಲೆಗಳಂತೆ ಒಂದೊಂದಾಗಿ ಹಾರಿದವು. ಭಾವನ ಕೈಯಲ್ಲಿದ್ದ ಹಗ್ಗ ಜಾರಿಹೋಯಿತು. ತಗಡಿನ ಜೊತೆ ಕಲ್ಲುಗಳು ಹಾರಲಿಲ್ಲ. ಅವು ಕೆಳಗೆ, ಮನೆಯೊಳಕ್ಕೆ ಬಿದ್ದವು. ಒಂದೊಂದು ಬಿದ್ದ ಸದ್ದೂ ನನಗೆ ಬೇರೆಬೇರೆಯಾಗಿ ಕೇಳಿಸಿತು.

ಓಡಿದೆ. ನಡುಮನೆಯಲ್ಲಿ ಆಕಾಶವಿತ್ತು. ಚಾಪೆಯ ಮೇಲೆ, ಸರಿಯಾಗಿ ತಲೆದಿಂಬಿನ ಮೇಲೆ, ಅರ್ಧ ಬೀಸುಕಲ್ಲು. ದಿಂಬು ಒಡೆದು ಬೂರುಗದ ಹತ್ತಿ ಹೊರಗೆ ಬಂದು ಮಳೆಯಲ್ಲಿ ನೆನೆಯುತ್ತಿತ್ತು. ಕಲ್ಲಿನ ಕೆಳಗಿನಿಂದ ಮಂಗಳನ ಹೊದಿಕೆಯ ತುದಿ ಕಾಣುತ್ತಿತ್ತು. ನಾನು ಹೊಲಿದ ಹೊದಿಕೆ, ಅಂಗಡಿಯ ಚೂರುಬಟ್ಟೆಗಳದು. ನಾನು ಕಲ್ಲನ್ನು ಎತ್ತಲು ಹೋದೆ. ಆಗತಾನೆ ಮಿಷನ್ನು ಎತ್ತಿದ್ದ ಕೈಗಳಿಗೆ ಆ ಕಲ್ಲು ಎತ್ತಲು ಆಗಲಿಲ್ಲ.

ರತ್ನ ಹಿತ್ತಲಿನಿಂದ ಬಂದಳು. ಕಲ್ಲನ್ನು ನೋಡಿದಳು. ನೀರು ತುಂಬಿದ ನೆಲದ ಮೇಲೆ ಹಾಗೇ ಕೂತಳು. ಭಾವ ಬಂದು, ಚರ್ಮ ಸುಲಿದ ಅಂಗೈಗಳಲ್ಲೇ ಕಲ್ಲನ್ನು ಉರುಳಿಸಿದರು. ಕೆಳಗೆ ಹೊದಿಕೆ ಇತ್ತು, ಹತ್ತಿ ಇತ್ತು. ಬೇರೇನೂ ಇರಲಿಲ್ಲ. ಆದರೂ ನಾನು ಹತ್ತಿಯನ್ನು ಎರಡು ಕೈಯಿಂದ ಕೆದಕುತ್ತಲೇ ಇದ್ದೆ.

"ಇಲ್ಲೇ ಅವ್ಳೆ ಕಣ್ಲಾ, ಇಲ್ಲೇ ಅವ್ಳೆ," ಎಂದು ಓಣಿಯಾಚೆಯಿಂದ ಅವ್ವನ ದನಿ ಬಂತು.

ಚಿಕ್ಕತಾಯಮ್ಮನ ಹುಲ್ಲಿನ ಸೂರು ಒದ್ದೆ ಕೋಳಿಯಂತೆ ಕೂತಲ್ಲೇ ಕೂತಿತ್ತು. ಅದರ ಬಾಗಿಲಲ್ಲಿ ಅವ್ವ, ಅವಳ ಸೊಂಟದಲ್ಲಿ ಅರ್ಧ ನಿದ್ದೆಯ ಮಂಗಳ. ಮೊದಲ ಆಲಿಕಲ್ಲು ಬಿದ್ದ ಕೂಡಲೇ, ನಮ್ಮ ಕಣ್ಣೆಲ್ಲ ತಗಡಿನ ಕಡೆ ಇದ್ದಾಗ, ಅವ್ವ ಮಗುವನ್ನು ಎತ್ತಿಕೊಂಡು ಓಣಿಯ ಕಡೆಯ ಸಣ್ಣ ಬಾಗಿಲಿನಿಂದ ಹೊರಟುಹೋಗಿದ್ದಳು. ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. ಹೇಳಿದ್ದರೆ ನೀನು ಆ ಬಾಗಿಲಿಗೂ ಅಡ್ಡ ನಿಲ್ಲುತ್ತಿದ್ದೆ ಎಂದಳು. ಎಪ್ಪತ್ತರ ಹತ್ತಿರದ ನನ್ನ ತಾಯಿ, ಮಗನಿಗೆ ಹೆದರಿ, ಮೊಮ್ಮಗಳನ್ನು ಕದ್ದು ಉಳಿಸಬೇಕಾಯಿತು.

ಮಾರನೆಯ ದಿನ ತಗಡುಗಳನ್ನು ಹುಡುಕಲು ಹೋದೆ. ಒಂದು ಹುಣಸೆಮರದಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಯಾರದೋ ಗದ್ದೆಯಲ್ಲಿ ಕಾಲರಿನಂತೆ ಅಚ್ಚುಕಟ್ಟಾಗಿ ಮಡಿಸಿಕೊಂಡು ಬಿದ್ದಿತ್ತು. ನಾನು ಅಷ್ಟು ಚೆನ್ನಾಗಿ ಯಾವತ್ತೂ ಮಡಿಸಿಲ್ಲ. ಸಿದ್ದಾಚಾರಿ ಕರೆಯದೆಯೇ ಬಂದು, ಹಿತ್ತಲಿನ ಹಳೆಯ ಹೆಂಚನ್ನೇ ಮತ್ತೆ ಹೊದಿಸಿಕೊಟ್ಟರು. ಮೊದಲೇ ಹೇಳಿದ್ದೆ ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಭಾವ ಕೈಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಮೂರು ದಿನ ಇದ್ದು, ಎರಡು ಮಣಿಕಟ್ಟುಗಳ ನಡುವೆ ಹಿಡಿದು ಹೆಂಚು ಸಾಗಿಸಿದರು. ಹೊರಡುವಾಗ, ಮಿರ್ಲೆಗೆ ಬಂದು ಹೋಗಿ ಎಂದರು. ನಾನು ಮಿಷನ್ನು ಹೊತ್ತು ಅವರ ಮುಂದೆ ಓಡಿದ್ದನ್ನು ಕಂಡವರು ಅವರೊಬ್ಬರೇ. ಅದನ್ನು ಅವರು ತಂಗಿಗೂ ಹೇಳಲಿಲ್ಲ.

ಹೇಳಿದವಳು ಮಂಗಳ. ಕೊಟ್ಟಿಗೆಯಿಂದ ಮಿಷನ್ನು ತರುವುದನ್ನು ನೋಡಿ, ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳಿದ್ದಳು. ಗಾಬರಿಯಲ್ಲಿ ನಾನೇ ನಿಜ ಹೇಳಿಬಿಟ್ಟಿದ್ದೆ. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಅವಳು ಬಲು ಸಂತೋಷದಿಂದ ವಿವರಿಸುತ್ತಿದ್ದಳು.

"ಅಪ್ಪ ಮಿಷನ್ನ ಎತ್ಕಂಡೋಯ್ತು, ಅಜ್ಜಿ ನನ್ನ ಎತ್ಕಂಡೋಯ್ತು."

ಅವಳ ಲೆಕ್ಕದಲ್ಲಿ ಅದು ನ್ಯಾಯವಾದ ಹಂಚಿಕೆ. ಅಳತೆ ಕೊಡಲು ಕೈ ಎತ್ತಿ ನಿಂತಿದ್ದ ಗಿರಾಕಿಗಳು ಕೈ ಇಳಿಸಿ ನನ್ನ ಮುಖ ನೋಡುತ್ತಿದ್ದರು. ಆಲಿಕಲ್ಲಿನ ಸದ್ದಿತ್ತು ನೋಡಿ, ಸರಿಯಾಗಿ ಕೇಳಿಸಲಿಲ್ಲ ಎಂದು ನಾನು ಹೇಳುತ್ತಿದ್ದೆ. ಎಷ್ಟು ಸಲ ಹೇಳಿದೆನೆಂದರೆ, ಈಗ ನನಗೂ ಹಾಗೇ ನೆನಪು. ಆದರೆ ಕೆಲವು ಸಲ, ಸುಮ್ಮನೆ ಕೂತಿರುವಾಗ, "ಮಗೀನ" ಎಂಬ ಮಾತು ಪೂರ್ತಿಯಾಗಿ, ಸ್ಪಷ್ಟವಾಗಿ ಕಿವಿಗೆ ಬರುತ್ತದೆ. ಅಂದು ಕೇಳಿಸಿದ್ದೋ, ಆಮೇಲೆ ಸೇರಿಕೊಂಡದ್ದೋ, ದೇವರಾಣೆಗೂ ಹೇಳಲಾರೆ.

ಬಹಳ ವರ್ಷಗಳ ಮೇಲೆ, ಮಂಗಳನ ಮದುವೆ ಮುಗಿದ ವಾರ, ಅವಳಿಲ್ಲದ ಮನೆಯಲ್ಲಿ ರತ್ನನೂ ನಾನೂ ಕೂತಿದ್ದಾಗ ಮಾತು ತೆಗೆದೆ. ಆವತ್ತು ನೀನು ಕೂಗಿದ್ದು ನನಗೆ ನಿಜವಾಗಿಯೂ ಕೇಳಿಸಲಿಲ್ಲ ಕಣೇ ಎಂದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕೇಳುಸ್ತಾ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ?"

"ಇಲ್ಲ."

"ಕೇಳಲ್ಲ ಬುಡಿ," ಎಂದು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಕೇಳಿದ್ದರೆ ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಕೇಳಲಿಲ್ಲ.