ಮಾವನ ಕೊಂಬು

ಎಲ್ಲ ಶುರುವಾದದ್ದು ಒಂದು ಹರಕು ಬಲೆಯಿಂದ. ಶನಿವಾರ ಸಂಜೆ ಅದು ಬೊರ್ತೊಲೊನ ಎಂಜಿನ್ ದೋಣಿಯ ಅಡಿಯಲ್ಲಿ ತಿರುಗುವ ರೆಕ್ಕೆಗೆ ಸುತ್ತಿಕೊಂಡಿತು, ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಮುಂದಿನ ಶನಿವಾರದವರೆಗೆ ಕೈ ಹಾಕುವುದಿಲ್ಲವೆಂದು ಮೆಕ್ಯಾನಿಕ್ ಹೇಳಿಬಿಟ್ಟ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ನಮ್ಮ ದ್ವೀಪದಿಂದ ಎರಡು ಪೆಟ್ಟಿಗೆ ಎಳೆ ಆರ್ಟಿಚೋಕ್, ಮೊಗ್ಗಿನಲ್ಲೇ ಕೊಯ್ದು ತಿನ್ನುವ ತರಕಾರಿ, ವೆನಿಸಿನ ಒಂದು ಹೋಟೆಲಿನ ಹಿಂಬಾಗಿಲಿಗೆ ಮುಟ್ಟಬೇಕಿತ್ತು. ಈ ಮೊದಲ ಮೊಗ್ಗನ್ನು ಗಿಡ ವರ್ಷಕ್ಕೆ ಒಂದೇ ಕೊಡುತ್ತದೆ. ಒಂದು ದಿನ ತಡೆದರೆ ಅದು ಬಲಿತು, ಸಿಟ್ಟಾದ ಅತ್ತೆಯ ಮುಖದಂತೆ ಬಿರುಸಾಗುತ್ತದೆ.

ಉಳಿದದ್ದು ಬೊರ್ತೊಲೊನ ಮಾವ ಮೆನೆಗೊನ ಹಳೆಯ ಹುಟ್ಟುದೋಣಿ. ದೋಣಿಯೇನೋ ಗಟ್ಟಿಯಾಗಿತ್ತು, ಆದರೆ ಅದರ ಕೊಂಬು ಹೋದ ವಾರವೇ ಸೀಳಿಹೋಗಿತ್ತು. ನಮ್ಮ ಕಡೆ ನಿಂತುಕೊಂಡು ಒಂದೇ ಹುಟ್ಟು ಹಾಕುವುದು. ಆ ಹುಟ್ಟನ್ನು ಆನಿಸಿ ಮೀಟಲು ದೋಣಿಯ ಅಂಚಿನ ತೂತಿಗೆ ಅಕ್ರೋಟು ಮರದ ಡೊಂಕು ಕೊಂಬೊಂದನ್ನು ಸಿಕ್ಕಿಸುತ್ತೇವೆ. ಅದಿಲ್ಲದಿದ್ದರೆ ದೋಣಿ ಬರೀ ತೊಟ್ಟಿ.

ಮನೆಯಲ್ಲಿ ಇನ್ನೊಂದು ಕೊಂಬಿತ್ತು, ಅಡುಗೆಮನೆಯಲ್ಲಿ, ಒಲೆಯ ಮೇಲಿನ ಮೊಳೆಗೆ ತೂಗುಹಾಕಿದ್ದು. ಬಡಗಿ ತನ್ನನ್ನು ಮೂರು ಸಲ ನಿಲ್ಲಿಸಿ ಅಳತೆ ತೆಗೆದು ತನಗೆಂದೇ ಕೆತ್ತಿದ್ದು ಎಂದು ಮಾವ ಹೇಳುತ್ತಿದ್ದ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸುತ್ತಿದ್ದ. ವರ್ಷಕ್ಕೊಮ್ಮೆ ದೋಣಿಗೆ ಸಿಕ್ಕಿಸಿ ದ್ವೀಪದ ಹಿಂದಿನ ಜೌಗಿನಲ್ಲಿ ಒಬ್ಬನೇ ಒಂದು ಸುತ್ತು ಹೋಗಿಬರುತ್ತಿದ್ದ. ನಗರದ ಕಡೆಗೆ ಮಾತ್ರ ಎಂದೂ ಒಯ್ದವನಲ್ಲ. ಅಷ್ಟೊಂದು ಪ್ರೀತಿ ಎಂದು ನಮ್ಮ ಸಾಂತ್ ಎರಾಸ್ಮೊ ದ್ವೀಪದ ಜನ ಅಂದುಕೊಂಡಿದ್ದರು. ಇದನ್ನು ಮುಟ್ಟಿದವನಿಗೆ ನನ್ನ ಮೇಜಿನಲ್ಲಿ ಊಟವಿಲ್ಲ ಎಂಬುದು ಅವನ ಮಾತು. ಬೊರ್ತೊಲೊ ಇಪ್ಪತ್ತಾರು ವರ್ಷದಿಂದ ಮನೆ ಅಳಿಯ. ಮೇಜೂ ಮಾವನದು, ಮೇಲಿನ ಸೂರೂ ಮಾವನದು.

ಆದರೆ ಭಾನುವಾರ ಮಾವ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋದರೆ ಅಲ್ಲಿಂದ ಇಸ್ಪೀಟಿಗೆ, ಇಸ್ಪೀಟಿನಿಂದ ಗೆಳೆಯರ ಜೊತೆ ಊಟಕ್ಕೆ ಹೋಗುತ್ತಿದ್ದ. ಮನೆಗೆ ಬರುತ್ತಿದ್ದದ್ದು ನಾಲ್ಕಕ್ಕೆ. ಅಷ್ಟರಲ್ಲಿ ಕೊಂಬು ಮೊಳೆಗೆ ವಾಪಸಾದರೆ ಆಯಿತು. ಬೊರ್ತೊಲೊ ಸ್ಟೂಲು ಹತ್ತಿದಾಗ ಹೆಂಡತಿ ನಿವೆಸ್ ಗೋಡೆಯ ಕಡೆ ತಿರುಗಿ ಪಾತ್ರೆ ತೊಳೆಯತೊಡಗಿದಳು. “ನಾನೇನೂ ನೋಡ್ಲಿಲ್ಲ,” ಎಂದಳು. “ಯಾರು ಕೇಳಿದ್ರೂ ನೋಡ್ಲಿಲ್ಲ.”

ಪೆಟ್ಟಿಗೆಗಳು ಹೊತ್ತಿಗೆ ಸರಿಯಾಗಿ ಮುಟ್ಟಿದವು. ಆದರೆ ಹಿಂದಿರುಗುವ ಹೊತ್ತಿಗೆ ನೀರಿನ ಸೆಳೆತ ಎದುರಾಗಿತ್ತು. ಅದು ತಿರುಗುವುದು ಹನ್ನೆರಡಕ್ಕೆ. ಬೊರ್ತೊಲೊ ಒಂದು ಕಾಲುವೆಯಲ್ಲಿ ದೋಣಿ ಕಟ್ಟಿದ. ಕಟ್ಟಿದ ದೋಣಿಯಲ್ಲಿ ಕೊಂಬು ಬಿಟ್ಟು ಹೋಗುವವನು, ಬೀಗದಲ್ಲೇ ಕೀಲಿಕೈ ಬಿಟ್ಟು ಮಲಗುವವನು ಇಬ್ಬರೂ ಒಂದೇ. ಅವನು ಕೊಂಬನ್ನು ಕಿತ್ತು ಖಾಲಿ ಗೋಣಿಚೀಲಕ್ಕೆ ತುಂಬಿ ಹೆಗಲಿಗೇರಿಸಿದ.

ಸೇತುವೆಯ ಪಕ್ಕದಲ್ಲೇ ದೋಣಿ ಕಸುಬಿನ ಹಳೆಯ ಮ್ಯೂಸಿಯಂ. ಅದರ ಮೆಟ್ಟಿಲ ಮೇಲೆ ದೊರಿನಾ ಸಿಗರೇಟು ಸೇದುತ್ತ ನಿಂತಿದ್ದಳು. ದ್ವೀಪದಲ್ಲಿ ಇವನ ಪಕ್ಕದ ಮನೆಯವಳು, ಇಲ್ಲಿ ಬಾಗಿಲು ಕಾಯುವವಳು.

“ಜಪಾನಿಂದ ಜನ ಬಂದು ನೋಡ್ತಾರೆ ಬೊರ್ತೊಲೊ,” ಎಂದಳು. “ನೀನು ಐವತ್ತು ವರ್ಷದಿಂದ ಬಾಗಿಲ ಮುಂದೇನೇ ಎಲೆಕೋಸು ಹೊತ್ಕೊಂಡು ಹೋಗ್ತಿದೀಯ. ಇಲ್ಲಿಯವರಿಗೆ ಟಿಕೆಟ್ಟೂ ಇಲ್ಲ, ಬಾ ಒಳಗೆ.”

ಮಾತು ಚುಚ್ಚಿತು, ಒಳಗೆ ಹೋದ. ಚೀಲ ಒಯ್ಯುವಂತಿಲ್ಲ ಎಂದಳು ದೊರಿನಾ. ನಿಯಮ ಅಂದರೆ ನಿಯಮ. ಬೊರ್ತೊಲೊ ವಿಧೇಯನಾಗಿ ಚೀಲ ಕೊಟ್ಟ, ಕೊಂಬನ್ನು ಹೊರತೆಗೆದು ಕಂಕುಳಲ್ಲಿಟ್ಟುಕೊಂಡ. ಕೊಂಬಿನ ಬಗ್ಗೆ ನಿಯಮ ಏನೂ ಹೇಳುತ್ತಿರಲಿಲ್ಲ. ಸಿಗರೇಟು ಆರಿಸುವ ಗಡಿಬಿಡಿಯಲ್ಲಿ ಅವಳೂ ಏನೂ ಹೇಳಲಿಲ್ಲ.

ಮೊದಲ ಕೋಣೆಯಲ್ಲಿ ದೊಡ್ಡದೊಡ್ಡ ಚಿತ್ರಗಳು. ಜನ ಆಕಾಶದ ಬಣ್ಣ ನೋಡುತ್ತಿದ್ದರು. ಬೊರ್ತೊಲೊ ಅಂಬಿಗರ ಕಾಲು ನೋಡಿದ. ಒಂದು ಚಿತ್ರದ ಮುಂದೆ ಕಾಲು ಗಂಟೆ ನಿಂತು, ಈ ಮನುಷ್ಯ ಹೀಗೇ ನಿಂತರೆ ಮುಂದಿನ ಮೀಟಿಗೆ ನೀರಲ್ಲಿರುತ್ತಾನೆ ಎಂದು ತೀರ್ಮಾನಿಸಿ ಮುಂದೆ ಹೋದ.

ಮೂರನೆಯ ಕೋಣೆಯಲ್ಲಿ ನಾಲ್ಕು ಪೀಠಗಳಿದ್ದವು. ಮೂರರ ಮೇಲೆ ಮೂರು ಹಳೆಯ ಕೊಂಬುಗಳು, ಸಂತರ ಮೂಳೆಗಳಂತೆ ದೀಪದ ಕೆಳಗೆ ಹೊಳೆಯುತ್ತಿದ್ದವು. ಕಿಟಕಿಯ ಪಕ್ಕದ ನಾಲ್ಕನೆಯದು ಖಾಲಿ, ಅದಕ್ಕೂ ದೀಪ ಉರಿಯುತ್ತಿತ್ತು. ಅದರ ಚೀಟಿಯಲ್ಲಿ ಸಣ್ಣ ಅಕ್ಷರ. ಕನ್ನಡಕ ಕೋಟಿನ ಒಳಜೇಬಿನಲ್ಲಿತ್ತು, ತೆಗೆಯಲು ಎರಡೂ ಕೈ ಬೇಕು. ಬೊರ್ತೊಲೊ ಕೊಂಬನ್ನು ಖಾಲಿ ಪೀಠದ ಮೇಲಿಟ್ಟು ಗುಂಡಿ ಬಿಚ್ಚತೊಡಗಿದ.

ಅಷ್ಟರಲ್ಲಿ ಪಾದೊವಾ ಕಡೆಯ ಇಪ್ಪತ್ತು ಜನ ಹೆಂಗಸರು ಒಳಗೆ ಬಂದರು, ಮುಂದೆ ಕೊಡೆ ಎತ್ತಿ ಹಿಡಿದ ಗೈಡು. ಅವರ ಅಲೆಗೆ ಬೊರ್ತೊಲೊ ಗೋಡೆಗೆ ಹೋಗಿ ಅಂಟಿಕೊಂಡ. ಗೈಡು ನಾಲ್ಕನೆಯ ಪೀಠ ತುಂಬಿರುವುದನ್ನು ಕಂಡು ಅರೆಗಳಿಗೆ ತಡವರಿಸಿದ, ಆಮೇಲೆ ಎಲ್ಲಕ್ಕಿಂತ ಇದೇ ಚೆಂದ ಎಂದು ಶುರುಮಾಡಿದ. ಇಂಥ ಕೆತ್ತನೆ ಹುಟ್ಟು ಹಾಕಲು ಅಲ್ಲವೇ ಅಲ್ಲ, ನೋಡಿ ಸಂತೋಷಪಡಲು ಮಾತ್ರ ಎಂದ.

“ಬೆಳಿಗ್ಗೆ ಇದರಲ್ಲೇ ಬಂದೆ,” ಎಂದ ಬೊರ್ತೊಲೊ.

ಹೆಂಗಸರು ನಕ್ಕರು. ಅವನು ಕೈ ಚಾಚಿ ಕೊಂಬೆತ್ತಿದಾಗ ನಗು ನಿಂತಿತು. ಒಬ್ಬಳು ಕೊಡೆಯಿಂದ ಮಣಿಕಟ್ಟಿಗೆ ಹೊಡೆದಳು, ಇಬ್ಬರು ಬಾಗಿಲಿಗೆ ಅಡ್ಡ ನಿಂತರು, ಗೈಡು ದೊರಿನಾಳನ್ನು ಕರೆತಂದ. ಬೊರ್ತೊಲೊನಿಗೆ ಜೀವ ಬಂದಂತಾಯಿತು. ಇವನು ಏನು ಹಿಡಿದು ಬಂದಿದ್ದ ಎಂದು ಅವಳನ್ನು ಕೇಳಿದರು. ದೊರಿನಾಳಿಗೆ ಪಿಂಚಣಿಗೆ ಇನ್ನು ಏಳೇ ತಿಂಗಳಿತ್ತು.

“ಒಂದು ಚೀಲ ಇತ್ತು,” ಎಂದಳು ಅವಳು ಚಾವಣಿ ನೋಡುತ್ತ. “ಅದನ್ನ ನಾನೇ ಇಸ್ಕೊಂಡೆ.”

ಮ್ಯೂಸಿಯಂನ ಅಧ್ಯಕ್ಷೆ ಒಟ್ಟಾವಿಯಾ ಊಟದ ಮೇಜಿನಿಂದ ಎದ್ದು ಬರುವ ಹೊತ್ತಿಗೆ ಒಂದೂವರೆ ಆಗಿತ್ತು. ಬೊರ್ತೊಲೊ ಕೊಂಬನ್ನು ಮಗುವಿನಂತೆ ತಬ್ಬಿಕೊಂಡು ಕುರ್ಚಿಯಲ್ಲಿ ಕುಳಿತಿದ್ದ. ಆಕೆ ಸಮಾಧಾನದ ಹೆಂಗಸು. ನಾಲ್ಕನೆಯ ಕೊಂಬು ನಲವತ್ತು ವರ್ಷದ ಹಿಂದೆ, ಕಟ್ಟಡದ ರಿಪೇರಿ ನಡೆದಾಗ ಕಳೆದುಹೋಯಿತೆಂದೂ, ಎಂದಾದರೂ ಬಂದೀತೆಂದು ಪೀಠವನ್ನು ಹಾಗೇ ಇಟ್ಟಿದ್ದೇವೆಂದೂ ಹೇಳಿದಳು. ಇದು ಬಹಳ ಹೋಲುತ್ತದೆ ಎಂದಳು.

ಬೊರ್ತೊಲೊ ಎಂದೂ ಇಲ್ಲದ ಧೈರ್ಯ ತಂದುಕೊಂಡ. “ಅಮ್ಮಾ, ಕೊಂಬು ಅಂದ್ರೆ ಚಪ್ಪಲಿ ಇದ್ದ ಹಾಗೆ. ಯಾರ ಕಾಲಿಂದೋ ಅವರಿಗೇ ಕೂತ್ಕೊಳ್ಳೋದು. ನನ್ನ ದೋಣಿ ಹೊರಗಿದೆ, ಹಾಕಿ ನೋಡಿ.”

ಎಲ್ಲರೂ ಕಾಲುವೆಗೆ ಇಳಿದರು, ಹೆಂಗಸರು ಸೇತುವೆ ಹತ್ತಿದರು. ಕೊಂಬು ದೋಣಿಯ ತೂತಿನಲ್ಲಿ ಬಾಟಲಿಗೆ ಬಿರಡೆ ಹಾಕಿದಂತೆ ಕುಳಿತಿತು. ಅಧ್ಯಕ್ಷೆ ಹಳೆಯ ಪುಸ್ತಕ ತರಿಸಿ ಅಳತೆಯನ್ನೂ ನೋಡಿದಳು. ಕಳೆದುಹೋದದ್ದರ ಬುಡ ಇದಕ್ಕಿಂತ ಎರಡು ಬೆರಳು ಉದ್ದವಿತ್ತು. ಅವಳು ಕ್ಷಮೆ ಕೇಳಿದಳು, ಹೆಂಗಸರು ಚಪ್ಪಾಳೆ ತಟ್ಟಿದರು, ಕೊಡೆಯಿಂದ ಹೊಡೆದವಳು ಕೈ ಕುಲುಕಿದಳು.

ಗೆಲುವು ಬೊರ್ತೊಲೊನ ತಲೆಗೇರಿತು. ಮಾವನ ಹೆಸರು, ಮನೆಯ ವಿಳಾಸ, ಮೂರು ಸಲ ಅಳತೆ ತೆಗೆದ ಕತೆ, ಎಲ್ಲವನ್ನೂ ಅಧ್ಯಕ್ಷೆಗೆ ಬರೆಸಿದ. ಗುರುವಾರ ಊಟಕ್ಕೂ ಕರೆದ. ಅವಳು ಒಪ್ಪಿದಳು. ಕಳೆದುಹೋದ ಕೊಂಬಿನ ಫೋಟೊ ಹುಡುಕಿ ತರುತ್ತೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಎಂದಳು.

ಮನೆ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷ. ಕೊಂಬು ಮೊಳೆಗೇರಿತು. ನಾಲ್ಕಕ್ಕೆ ಮಾವ ಬಂದ, ಟೋಪಿ ತೆಗೆದ, ಮೇಲೆ ನೋಡಿದ. ಕೊಂಬಿನ ಬುಡದಿಂದ ಒಲೆಯ ಮೇಲೆ ತೊಟಕ್ ತೊಟಕ್ ನೀರು ಬೀಳುತ್ತಿತ್ತು.

ಬೊರ್ತೊಲೊ ಎಲ್ಲವನ್ನೂ ಹೇಳಿದ. ಖಾಲಿ ಪೀಠದಿಂದ ಗುರುವಾರದ ಊಟದವರೆಗೆ. ಹೇಳಿ ಮುಗಿಸಿ, ಇನ್ನು ಮೇಜು ತಪ್ಪಿತೆಂದು ಗೋಡೆಗೆ ಒರಗಿ ನಿಂತ. ಮಾವ ಬೈಯಲಿಲ್ಲ. ಕುರ್ಚಿ ಎಳೆದು ಕುಳಿತ.

“ಕಿಟಕಿ ಪಕ್ಕದ್ದು ತಾನೆ?”

“ಏನು ಮಾವ?”

“ಖಾಲಿ ಪೀಠ.”

ನಿವೆಸ್ ನಲ್ಲಿ ನಿಲ್ಲಿಸಿದಳು.

“ಆ ವರ್ಷ ಅಲ್ಲಿ ಸುಣ್ಣ ಬಳಿಯೋಕೆ ಹೋಗ್ತಿದ್ದೆ,” ಎಂದ ಮೆನೆಗೊ ನಿಧಾನವಾಗಿ. “ಒಂದಿನ ಕೊಂಬನ್ನ ದೋಣಿಯಲ್ಲೇ ಬಿಟ್ಟಿದ್ದೆ. ಸಂಜೆ ನೋಡ್ತೀನಿ, ಯಾರೋ ಹೊಡ್ಕೊಂಡು ಹೋಗಿದಾರೆ. ಮನೆಗೆ ಬರ್ಬೇಕಲ್ಲ. ಒಳಗೆ ನಾಲ್ಕಿದ್ವು. ಬುಡ ಎರಡು ಬೆರಳು ಕೆತ್ತಿದೆ, ಕೂತ್ಕೊಂಡ್ತು. ಬೆಳಿಗ್ಗೆ ವಾಪಸ್ ಇಟ್ರಾಯ್ತು ಅಂದ್ಕೊಂಡೆ.”

ನಿವೆಸ್ ತೊಟ್ಟಿಕ್ಕುವ ನೀರಿನ ಕೆಳಗೆ ಒಂದು ಬಟ್ಟಲಿಟ್ಟಳು.

“ಗುರುವಾರದೊಳಗೆ ನೀನೇ ಹೋಗಿ ಇಟ್ಟು ಬಾ,” ಎಂದ ಮಾವ. “ದಾರಿ ಗೊತ್ತಾಗಿದೆಯಲ್ಲ.”

ಬೊರ್ತೊಲೊ ಮೊಳೆಯನ್ನು ನೋಡಿದ, ಮೂಲೆಯಲ್ಲಿ ಬಿದ್ದಿದ್ದ ಸೀಳು ಕೊಂಬನ್ನು ನೋಡಿದ.

“ಹೋಗೋದೇನೋ ಇದರಲ್ಲೇ ಹೋಗ್ತೀನಿ ಮಾವ. ಇದನ್ನ ಅಲ್ಲಿಟ್ಟ ಮೇಲೆ ಬರೋದು ಹೇಗೆ?”

“ನಲವತ್ತು ವರ್ಷದಿಂದ ನಾನೂ ಅದನ್ನೇ ಯೋಚಿಸ್ತಿದೀನಿ,” ಎಂದ ಮೆನೆಗೊ.